229 ಡಾಲರ್‌ನ ಜಾಡು ಹಿಡಿದು

ಪ್ರಶ್ನೆ: ನಾನು ನಮ್ಮೂರ ಸರ್ಕಾರಿ ಶಾಲೆಯ ಹಳೆ ವಿದ್ಯಾರ್ಥಿಗಳ ಟ್ರಸ್ಟ್‌ನ ಖಜಾಂಚಿ. ಶಾಲೆಯ ಛಾವಣಿ ದುರಸ್ತಿಗೆಂದು ದುಬೈಯಲ್ಲಿರುವ ನನ್ನ ತಮ್ಮ ಟ್ರಸ್ಟ್ ಖಾತೆಗೆ ಮೂರು ಲಕ್ಷ ರೂಪಾಯಿ ಕಳಿಸಿದ. ಬ್ಯಾಂಕಿನವರು ಎರಡು ಸಲ ಕರೆಸಿ ಹಣ ಯಾರದು, ಯಾಕೆ ಬಂತು, ಎಲ್ಲಿ ಖರ್ಚಾಗುತ್ತದೆ ಎಂದು ವಿಚಾರಿಸಿದರು. ಕಾರಣ ಕೇಳಿದರೆ, ಭಯೋತ್ಪಾದಕರಿಗೆ ಹಣ ಹೋಗದಂತೆ ತಡೆಯುವ ಅಂತಾರಾಷ್ಟ್ರೀಯ ನಿಯಮ ಎಂದರು. ಅತ್ತ ಪಹಲ್ಗಾಮ್ ಹತ್ಯಾಕಾಂಡವಾಗಿ ಮೂರು ವಾರ ಕಳೆಯುವ ಮೊದಲೇ ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಪಾಕಿಸ್ತಾನಕ್ಕೆ ನೂರು ಕೋಟಿ ಡಾಲರ್ ಮಂಜೂರು ಮಾಡಿತು. ಸರ್ಕಾರಗಳ ಈ ಸಹಕಾರದಿಂದ ನಿಜವಾಗಿ ಏನಾದರೂ ಆಗಿದೆಯೇ? ಅಥವಾ ನಮ್ಮಂಥವರನ್ನು ಕೂರಿಸಿ ಕೇಳುವುದಕ್ಕಷ್ಟೇ ಅದು ಇರುವುದೇ?
– ಓದುಗರು, ಕುಂದಾಪುರ ತಾಲ್ಲೂಕು

ಉತ್ತರ: ನಿಮ್ಮನ್ನು ಪ್ರಶ್ನಿಸಿದವರ ಕುರ್ಚಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಕುಳಿತಿದ್ದೆ. ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ, ವಿದೇಶದಿಂದ ಬರುವ ಮತ್ತು ವಿದೇಶಕ್ಕೆ ಹೋಗುವ ಹಣದ ಮೇಲೆ ಕಣ್ಣಿಡುವ ವಿಭಾಗ ನಮ್ಮದು. ಹಾಗಾಗಿ ನಿಮ್ಮ ಸಿಟ್ಟಿಗೆ ಉತ್ತರ ಕೊಡುವ ಹೊಣೆ ನನ್ನ ಮೇಲೂ ಇದೆ. ಛಾವಣಿಯ ಮೂರು ಲಕ್ಷದ ವಿಷಯವನ್ನು ಕೊನೆಗೆ ಹೇಳುತ್ತೇನೆ. ಮೊದಲು ಇನ್ನೊಂದು ಸಣ್ಣ ಮೊತ್ತದ ಕಥೆ ಕೇಳಿ.

2008ರ ನವೆಂಬರ್ 26ರ ರಾತ್ರಿ ಮುಂಬೈಗೆ ನುಗ್ಗಿದ ಹತ್ತು ಮಂದಿಗೆ ಪಾಕಿಸ್ತಾನದಿಂದ ಫೋನಿನಲ್ಲಿ ಆದೇಶಗಳು ಬರುತ್ತಿದ್ದವು. ಯಾವ ಕೋಣೆಗೆ ಹೋಗಬೇಕು, ಯಾರನ್ನು ಕೊಲ್ಲಬೇಕು, ಎಲ್ಲಿ ಬೆಂಕಿ ಇಡಬೇಕು ಎಂಬುದನ್ನೆಲ್ಲ ಆ ಕಡೆಯವರು ಟಿವಿ ನೋಡುತ್ತ ಹೇಳುತ್ತಿದ್ದರು. ಆ ಕರೆಗಳು ನೇರವಾಗಿ ಬರಲಿಲ್ಲ. ಅಮೆರಿಕದ ನ್ಯೂಜೆರ್ಸಿಯ ಒಂದು ಇಂಟರ್‌ನೆಟ್ ದೂರವಾಣಿ ಕಂಪನಿಯ ಮೂಲಕ, ಆಸ್ಟ್ರಿಯಾ ದೇಶದ ಸಂಖ್ಯೆಗಳ ಮೇಲೆ ಹಾದು ಬಂದವು. ಆ ಖಾತೆಗೆ ಶುಲ್ಕ ಕಟ್ಟಬೇಕಿತ್ತು. ದಾಳಿಯ ಹಿಂದಿನ ದಿನ 229 ಡಾಲರ್ ಜಮೆಯಾಯಿತು. ಆಗಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿ ಚಿಲ್ಲರೆ. ಅದನ್ನು ಕಳಿಸಿದ್ದು ಉತ್ತರ ಇಟಲಿಯ ಬ್ರೆಷಾ ನಗರದಲ್ಲಿ, ವಲಸಿಗರು ಊರಿಗೆ ದುಡ್ಡು ಕಳಿಸಲು ಹೋಗುವಂಥ ಒಂದು ಸಣ್ಣ ಅಂಗಡಿಯಿಂದ. ವರ್ಷದ ಬಳಿಕ, 2009ರ ನವೆಂಬರ್‌ನಲ್ಲಿ, ಅಂಗಡಿ ನಡೆಸುತ್ತಿದ್ದ ತಂದೆ ಮಗನನ್ನು ಇಟಲಿಯ ಪೊಲೀಸರು ಬಂಧಿಸಿದರು. ಇಟಲಿಗೆ ಕಾಲೇ ಇಡದ ಒಬ್ಬ ಮನುಷ್ಯನ ಗುರುತಿನ ಮೇಲೆ ಹಣ ರವಾನೆಯಾಗಿತ್ತು ಎಂಬುದು ಪೊಲೀಸರ ಆರೋಪ.

ಸಂಚು ಪಾಕಿಸ್ತಾನದಲ್ಲಿ, ಹೆಣಗಳು ಬಿದ್ದದ್ದು ಭಾರತದಲ್ಲಿ, ಕಂಪನಿ ಅಮೆರಿಕದ್ದು, ಸಂಖ್ಯೆ ಆಸ್ಟ್ರಿಯಾದ್ದು, ದುಡ್ಡು ಇಟಲಿಯದ್ದು. ಐದು ದೇಶ, ಐದು ಕಾನೂನು. ಮುಂಬೈ ಪೊಲೀಸರು ಬ್ರೆಷಾದ ಅಂಗಡಿಯ ಪುಸ್ತಕ ತೆರೆಯುವಂತಿಲ್ಲ. ಇಟಲಿಯ ಪೊಲೀಸರಿಗೆ ಆ 229 ಡಾಲರ್ ಸಾವಿರಾರು ರವಾನೆಗಳ ನಡುವಿನ ಒಂದು ಸಾಲು. ಅಮೆರಿಕದ ಎಫ್‌ಬಿಐ ಕಂಪನಿಯ ದಾಖಲೆ ತೆಗೆಸಿ ಕೊಟ್ಟಿದ್ದರಿಂದ, ಭಾರತದ ತನಿಖೆ ಅದನ್ನು ಫೋನ್ ಕರೆಗಳಿಗೆ ಜೋಡಿಸಿದ್ದರಿಂದ ಆ ಸಾಲಿಗೆ ಅರ್ಥ ಬಂತು. 166 ಜನರ ಪ್ರಾಣ ಹೋದ ಮೇಲೆ ಬಂತು ಎಂಬ ನೋವು ನನಗೆ ಇಂದಿಗೂ ಇದೆ. ಆದರೆ ಸರ್ಕಾರಗಳ ನಡುವಿನ ಸಹಕಾರ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಸಮ್ಮೇಳನದ ವೇದಿಕೆಯೂ ಅಲ್ಲ, ಕೈ ಕುಲುಕುವ ಫೋಟೋವೂ ಅಲ್ಲ. ಒಂದು ದೇಶದ ರಸೀದಿ ಇನ್ನೊಂದು ದೇಶದ ತನಿಖಾಧಿಕಾರಿಯ ಮೇಜಿಗೆ ಎಷ್ಟು ದಿನದಲ್ಲಿ ತಲುಪಿತು ಎನ್ನುವ ಲೆಕ್ಕ ಮಾತ್ರ.

ಮೊತ್ತವನ್ನೂ ಗಮನಿಸಿ. ಅಮೆರಿಕದ ಮೇಲೆ 2001ರಲ್ಲಿ ನಡೆದ ದಾಳಿಗೆ ಒಟ್ಟು ನಾಲ್ಕರಿಂದ ಐದು ಲಕ್ಷ ಡಾಲರ್ ಖರ್ಚಾಗಿತ್ತು ಎಂದು ಅಲ್ಲಿನ ತನಿಖಾ ಆಯೋಗ ಅಂದಾಜು ಮಾಡಿತು. ಅದರ ದೊಡ್ಡ ಪಾಲು ಮಾಮೂಲು ಬ್ಯಾಂಕ್ ಖಾತೆಗಳಲ್ಲೇ ಓಡಾಡಿತ್ತು. ಕಪ್ಪುಹಣ ಬಿಳುಪು ಮಾಡುವವನ ಬಳಿ ಕೋಟಿಗಳಿರುತ್ತವೆ, ದೊಡ್ಡ ಮೊತ್ತವೇ ಅವನನ್ನು ಹಿಡಿದುಕೊಡುತ್ತದೆ. ಭಯೋತ್ಪಾದನೆಯ ಹಣ ಹಾಗಲ್ಲ. ಅದು ಒಬ್ಬ ಕಟ್ಟಡ ಕಾರ್ಮಿಕ ತಿಂಗಳ ಕೊನೆಗೆ ಮನೆಗೆ ಕಳಿಸುವ ಮೊತ್ತದಷ್ಟೇ ಇರಬಹುದು. ಹಾಗಾಗಿ ಬ್ಯಾಂಕಿನವರು ಎಷ್ಟು ಎಂದು ಕೇಳುವುದಕ್ಕಿಂತ ಯಾರು, ಯಾರಿಗೆ, ಯಾಕೆ ಎಂದು ಹೆಚ್ಚು ಕೇಳುತ್ತಾರೆ. ನಿಮ್ಮನ್ನು ಕೇಳಿದ ಮೂರು ಪ್ರಶ್ನೆಗಳ ಮೂಲ ಅಲ್ಲಿದೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ದೇಶಗಳನ್ನು ಬಗ್ಗಿಸಲು ಎರಡು ದಾರಿಗಳಿವೆ. ಒಂದು ವಿಶ್ವಸಂಸ್ಥೆಯದು, ಇನ್ನೊಂದು ಪ್ಯಾರಿಸ್‌ನಲ್ಲಿ ಕಚೇರಿ ಇರುವ ಎಫ್‌ಎಟಿಎಫ್ ಎಂಬ ಹಣಕಾಸು ಕಾರ್ಯಪಡೆಯದು. ಕಾಗದದ ಮೇಲೆ ಮೊದಲನೆಯದು ಬಲಶಾಲಿ. ಅನುಭವದಲ್ಲಿ ನಾನು ಕಂಡದ್ದು ತಿರುಗುಮುರುಗು.

ಭದ್ರತಾ ಮಂಡಳಿಯ ಎರಡು ನಿರ್ಣಯಗಳ ಸಂಖ್ಯೆ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದವು: 1267 ಮತ್ತು 1373. ಮೊದಲನೆಯದು 1999ರಲ್ಲಿ ತಾಲಿಬಾನ್ ವಿರುದ್ಧ ಬಂದದ್ದು, ಮುಂದೆ ಅಲ್ ಖೈದಾ ಮತ್ತು ಐಎಸ್ ಸಂಘಟನೆಗಳಿಗೂ ಅವುಗಳ ನಂಟಿನವರಿಗೂ ವಿಸ್ತರಿಸಿತು. ಅದು ಹೆಸರುಗಳ ಪಟ್ಟಿ. ಪಟ್ಟಿಗೆ ಸೇರಿದವರ ಖಾತೆಗಳನ್ನು ಎಲ್ಲ ದೇಶಗಳೂ ತಡೆಹಿಡಿಯಬೇಕು, ಪ್ರಯಾಣಕ್ಕೆ ಬಿಡಬಾರದು, ಆಯುಧ ಮಾರಬಾರದು. ಎರಡನೆಯದು 2001ರ ಸೆಪ್ಟೆಂಬರ್ 28ರದು. ಭಯೋತ್ಪಾದನೆಗೆ ಹಣ ಕೊಡುವುದನ್ನೇ ಪ್ರತ್ಯೇಕ ಅಪರಾಧವೆಂದು ಪ್ರತಿ ದೇಶವೂ ಕಾನೂನು ಮಾಡಬೇಕು ಎಂದು ಅದು ವಿಧಿಸಿತು.

ಪಟ್ಟಿಗೆ ಹೆಸರು ಸೇರಿಸುವುದು ಹೇಗೆ? ಭದ್ರತಾ ಮಂಡಳಿಯ ಹದಿನೈದೂ ಸದಸ್ಯರು ಒಪ್ಪಬೇಕು. ಒಬ್ಬರು ತಡೆದರೆ ಮುಗಿಯಿತು. ಮಸೂದ್ ಅಜರ್‌ನ ಉದಾಹರಣೆ ನೋಡಿ. 1999ರ ಡಿಸೆಂಬರ್ ಕೊನೆಯ ದಿನ, ಅಪಹೃತ ವಿಮಾನದ ಪ್ರಯಾಣಿಕರನ್ನು ಬಿಡಿಸಿಕೊಳ್ಳಲು ಕಂದಹಾರ್‌ನಲ್ಲಿ ಭಾರತ ಬಿಟ್ಟುಕೊಟ್ಟ ಕೈದಿಗಳಲ್ಲಿ ಅವನೂ ಒಬ್ಬ. ಅವನು ಕಟ್ಟಿದ ಜೈಷ್ ಎ ಮೊಹಮ್ಮದ್ ಸಂಘಟನೆ 2001ರಲ್ಲೇ ಪಟ್ಟಿಗೆ ಸೇರಿತು. ಕಟ್ಟಿದವನ ಹೆಸರು ಸೇರಿದ್ದು 2019ರ ಮೇ 1ರಂದು. ಹದಿನೇಳೂವರೆ ವರ್ಷದ ಅಂತರ. ಭಾರತ ಮೊದಲು ಪ್ರಸ್ತಾಪ ಇಟ್ಟದ್ದು 2009ರಲ್ಲಿ. ಆಮೇಲೆ ಮತ್ತೆ ಮತ್ತೆ ಇಟ್ಟಾಗಲೆಲ್ಲ ಚೀನಾ ತಾಂತ್ರಿಕ ತಡೆ ಎಂಬ ಚೀಟಿ ಅಂಟಿಸಿತು. ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಸತ್ತ ಮೇಲೆ, ಅಮೆರಿಕ, ಬ್ರಿಟನ್, ಫ್ರಾನ್ಸ್ ಒಟ್ಟಾಗಿ ಒತ್ತಡ ಹಾಕಿದ ಮೇಲೆ ಆ ತಡೆ ತೆರವಾಯಿತು.

ಪಟ್ಟಿಗೆ ಸೇರಿದರೂ ಬದುಕು ನಿಲ್ಲುವುದಿಲ್ಲ ಎಂಬುದಕ್ಕೆ ಇನ್ನೊಂದು ಸಂಗತಿ ಹೇಳುತ್ತೇನೆ. ಮುಂಬೈ ದಾಳಿಯಾಗಿ ಎರಡು ವಾರದಲ್ಲಿ ಲಷ್ಕರ್ ಎ ತಯ್ಬಾದ ಹಫೀಜ್ ಸಯೀದ್ ಪಟ್ಟಿಗೆ ಸೇರಿದ. 2019ರಲ್ಲಿ, ಪಟ್ಟಿಯನ್ನು ನೋಡಿಕೊಳ್ಳುವ ಭದ್ರತಾ ಮಂಡಳಿಯ ಸಮಿತಿಗೆ ಪಾಕಿಸ್ತಾನ ಒಂದು ಮನವಿ ಸಲ್ಲಿಸಿತು. ಈತ ಹಿಂದೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ, ಪಿಂಚಣಿ ಬರುತ್ತದೆ, ಕುಟುಂಬ ಸಾಕಬೇಕು, ಆದ್ದರಿಂದ ತಡೆಹಿಡಿದ ಖಾತೆಯಿಂದ ತಿಂಗಳಿಗೆ ಒಂದೂವರೆ ಲಕ್ಷ ಪಾಕಿಸ್ತಾನಿ ರೂಪಾಯಿ ತೆಗೆಯಲು ಬಿಡಿ ಎಂದು. ಗಡುವಿನೊಳಗೆ ಯಾವ ಸದಸ್ಯನೂ ಆಕ್ಷೇಪಿಸಲಿಲ್ಲ. ಅನುಮತಿ ಸಿಕ್ಕಿತು. ಊಟ, ಬಾಡಿಗೆ, ಔಷಧಿಯಂಥ ಅಗತ್ಯಗಳಿಗೆ ವಿನಾಯಿತಿ ಕೊಡುವುದು ನಿಯಮದಲ್ಲೇ ಇದೆ, ಅದು ಇರಬೇಕಾದದ್ದೂ ಹೌದು. ಆದರೂ ಆ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಎಲ್ಲಕ್ಕಿಂತ ಹಳೆಯ ಸಮಸ್ಯೆ ಬೇರೆಯೇ ಇದೆ. ಭಯೋತ್ಪಾದನೆ ಎಂದರೆ ಏನು ಎಂಬುದನ್ನೇ ದೇಶಗಳು ಒಪ್ಪಿಕೊಂಡಿಲ್ಲ. ಒಂದು ಸಮಗ್ರ ಒಪ್ಪಂದದ ಕರಡನ್ನು ಭಾರತ ವಿಶ್ವಸಂಸ್ಥೆಯ ಮುಂದಿಟ್ಟದ್ದು 1996ರಲ್ಲಿ. ಅದು ಇನ್ನೂ ಕರಡಾಗಿಯೇ ಇದೆ. ಹಣ ಒದಗಿಸುವುದನ್ನು ಮಾತ್ರ ಪ್ರತ್ಯೇಕಿಸಿ 1999ರಲ್ಲಿ ಒಂದು ಒಪ್ಪಂದ ಮಾಡಿಕೊಂಡದ್ದು ಈ ಜಗಳವನ್ನು ಸುತ್ತು ಹಾಕಿ ಮುಂದೆ ಹೋದ ಜಾಣತನ.

ಎಫ್‌ಎಟಿಎಫ್‌ನ ದಾರಿ ಬೇರೆ. ಮಾದಕ ವಸ್ತುಗಳ ಹಣವನ್ನು ತಡೆಯಲೆಂದು 1989ರಲ್ಲಿ ಜಿ-7 ದೇಶಗಳು ಇದನ್ನು ಹುಟ್ಟುಹಾಕಿದವು. 2001ರ ಅಕ್ಟೋಬರ್‌ನಲ್ಲಿ ಭಯೋತ್ಪಾದನೆಯ ಹಣವೂ ಇದರ ವ್ಯಾಪ್ತಿಗೆ ಬಂತು. ಭಾರತ ಸದಸ್ಯನಾದದ್ದು 2010ರ ಜೂನ್‌ನಲ್ಲಿ. ಇದಕ್ಕೆ ಪೊಲೀಸರಿಲ್ಲ, ನ್ಯಾಯಾಲಯವಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ನಲವತ್ತು ಶಿಫಾರಸುಗಳಿವೆ. ಒಂದು ದೇಶದ ಕಾನೂನು, ಪೊಲೀಸ್, ಬ್ಯಾಂಕು, ನ್ಯಾಯಾಲಯ ಹೇಗೆ ಕೆಲಸ ಮಾಡುತ್ತಿವೆ ಎಂದು ಇತರ ದೇಶಗಳ ತಜ್ಞರು ಬಂದು ನೋಡುತ್ತಾರೆ. ಕೊರತೆ ಇದ್ದರೆ ಹೆಚ್ಚಿನ ನಿಗಾ ಇರುವ ದೇಶಗಳ ಪಟ್ಟಿಗೆ ಹಾಕುತ್ತಾರೆ. ಪತ್ರಿಕೆಗಳು ಬೂದು ಪಟ್ಟಿ ಎನ್ನುವುದು ಇದನ್ನೇ. ಇನ್ನೂ ಕೆಟ್ಟದ್ದು ಕಪ್ಪು ಪಟ್ಟಿ, ಅದರಲ್ಲಿರುವುದು ಉತ್ತರ ಕೊರಿಯಾ, ಇರಾನ್ ಮತ್ತು ಮ್ಯಾನ್ಮಾರ್.

ಬೈದು ಪಟ್ಟಿಗೆ ಹಾಕಿದರೆ ಯಾರು ಹೆದರುತ್ತಾರೆ ಎಂದು ನೀವು ಕೇಳಬಹುದು. ಹೆದರುವುದು ಬ್ಯಾಂಕುಗಳು. ಬೂದು ಪಟ್ಟಿಯ ದೇಶದ ಜೊತೆ ವ್ಯವಹರಿಸುವ ಬ್ಯಾಂಕು ಪ್ರತಿ ರವಾನೆಗೂ ಹೆಚ್ಚು ತಪಾಸಣೆ ಮಾಡಬೇಕು, ಅದಕ್ಕೆ ಖರ್ಚು, ಕೊನೆಗೆ ಈ ತಲೆನೋವೇ ಬೇಡ ಎಂದು ಬಿಟ್ಟುಬಿಡುತ್ತದೆ. ಪಟ್ಟಿಗೆ ಸೇರಿದ ದೇಶಕ್ಕೆ ಬರುವ ಬಂಡವಾಳ ಸರಾಸರಿ ಜಿಡಿಪಿಯ ಶೇ 7.6ರಷ್ಟು ಇಳಿಯುತ್ತದೆ ಎಂದು ಐಎಂಎಫ್‌ನ 2021ರ ಅಧ್ಯಯನವೊಂದು ಲೆಕ್ಕ ಹಾಕಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರಲ್ಲ. ಯಾವ ದೇಶವಾದರೂ ಸಾಲಕ್ಕೆ, ಆಮದಿಗೆ, ಡಾಲರಿಗೆ ಒಂದು ದಿನ ಆ ಬಾವಿಕಟ್ಟೆಗೆ ಬರಲೇಬೇಕು. ಎಫ್‌ಎಟಿಎಫ್ ನಿಂತಿರುವುದು ಅಲ್ಲಿ.

ಪಾಕಿಸ್ತಾನ 2018ರ ಜೂನ್‌ನಲ್ಲಿ ಈ ಪಟ್ಟಿಗೆ ಸೇರಿತು, ಅದೂ ಮೊದಲ ಸಲವೇನಲ್ಲ. 27 ಅಂಶಗಳ ಪಟ್ಟಿ ಕೊಟ್ಟರು, 2021ರಲ್ಲಿ ಇನ್ನೂ ಏಳು ಸೇರಿಸಿದರು. ಅದಕ್ಕೆ ಮೊದಲು ಹಫೀಜ್ ಸಯೀದ್‌ನನ್ನು ಎಷ್ಟೋ ಸಲ ಗೃಹಬಂಧನದಲ್ಲಿಟ್ಟು ಬಿಟ್ಟಿದ್ದರು. ಪಟ್ಟಿಗೆ ಸೇರಿದ ಮೇಲೆ ನಡೆದದ್ದರ ದಿನಾಂಕಗಳನ್ನು ನೋಡಿ. 2019ರ ಜುಲೈನಲ್ಲಿ ಬಂಧನ. 2020ರ ಫೆಬ್ರುವರಿ 12ರಂದು, ಪ್ಯಾರಿಸ್‌ನಲ್ಲಿ ಎಫ್‌ಎಟಿಎಫ್ ಸಭೆ ಸೇರಲು ಕೆಲವೇ ದಿನಗಳಿದ್ದಾಗ, ಲಾಹೋರ್‌ನ ನ್ಯಾಯಾಲಯ ಅವನಿಗೆ ಎರಡು ಪ್ರಕರಣಗಳಲ್ಲಿ ತಲಾ ಐದೂವರೆ ವರ್ಷ ಶಿಕ್ಷೆ ಕೊಟ್ಟಿತು. 2021ರ ಜನವರಿಯಲ್ಲಿ ಲಷ್ಕರ್‌ನ ಕಮಾಂಡರ್ ಝಕಿಉರ್ ರೆಹಮಾನ್ ಲಖ್ವಿಗೆ ಶಿಕ್ಷೆ. 2022ರ ಏಪ್ರಿಲ್‌ನಲ್ಲಿ ಸಯೀದ್‌ಗೆ ಮತ್ತೆ 31 ವರ್ಷ. ಅದೇ ವರ್ಷ ಸಾಜಿದ್ ಮೀರ್‌ಗೆ 15 ವರ್ಷ. ಮುಂಬೈ ದಾಳಿಯ ಈ ಮುಖ್ಯ ಸಂಚುಕೋರ ಸತ್ತುಹೋಗಿದ್ದಾನೆ ಎಂದು ಪಾಕಿಸ್ತಾನದ ಅಧಿಕಾರಿಗಳು ಹಿಂದೆ ಹೇಳಿದ್ದರು. ಸತ್ತವನನ್ನು ಬದುಕಿಸಿ ಜೈಲಿಗೆ ಕಳಿಸಿದ್ದು ಬೂದು ಪಟ್ಟಿ. ವರ್ಷಗಟ್ಟಲೆ ಕಡತದ ಮೇಲೆ ಕಡತ ಕಳಿಸಿದರೂ ಆಗದ ಕೆಲಸವನ್ನು ಸಾಲ ಸಿಗದ ಭಯ ಮಾಡಿಸಿತು.

ಇದನ್ನು ಗೆಲುವೆಂದು ಒಪ್ಪುತ್ತೇನೆ, ಆದರೆ ಪೂರ್ತಿ ಗೆಲುವೆಂದು ಒಪ್ಪುವುದಿಲ್ಲ. ಈ ಶಿಕ್ಷೆಗಳೆಲ್ಲ ಹಣ ಸಂಗ್ರಹಿಸಿದ್ದಕ್ಕೆ, ಟ್ರಸ್ಟ್‌ಗಳ ಹೆಸರಿನಲ್ಲಿ ಆಸ್ತಿ ಮಾಡಿದ್ದಕ್ಕೆ. ಮುಂಬೈಯಲ್ಲಿ ಸತ್ತ 166 ಜನರ ಕೊಲೆಗೆ ಪಾಕಿಸ್ತಾನದಲ್ಲಿ ಯಾರಿಗೂ ಶಿಕ್ಷೆಯಾಗಿಲ್ಲ. ಎಫ್‌ಎಟಿಎಫ್ ಅಳೆಯುವುದು ಕಾನೂನು ಬಂತೇ, ಪ್ರಕರಣ ದಾಖಲಾಯಿತೇ, ಶಿಕ್ಷೆಯಾಯಿತೇ, ಸ್ವತ್ತು ವಶವಾಯಿತೇ ಎಂಬುದನ್ನು. ತರಬೇತಿ ಶಿಬಿರ ಮುಚ್ಚಿತೇ, ಸೇನೆ ಕೈ ತೆಗೆಯಿತೇ ಎಂದು ಅಳೆಯುವ ಮಾನದಂಡ ಅದರ ಬಳಿ ಇಲ್ಲ. 34 ಅಂಶಗಳಿಗೂ ಗುರುತು ಬಿದ್ದ ಮೇಲೆ, 2022ರ ಅಕ್ಟೋಬರ್‌ನಲ್ಲಿ, ಪಾಕಿಸ್ತಾನ ಹೊರಬಂತು. ಒತ್ತಡವೂ ಅಲ್ಲಿಗೆ ಸಡಿಲವಾಯಿತು.

ಇನ್ನು ಐಎಂಎಫ್. 2025ರ ಮೇ 9ರಂದು ಮಂಜೂರಾದ ಆ ನೂರು ಕೋಟಿ ಡಾಲರ್ ಹೊಸ ಸಾಲವಲ್ಲ, ಮೊದಲೇ ಒಪ್ಪಿದ್ದ 700 ಕೋಟಿ ಡಾಲರ್ ಸಾಲದ ಒಂದು ಕಂತು. ಭಾರತ ಮತದಾನದಿಂದ ದೂರ ಉಳಿಯಿತು. ಅಲ್ಲಿ ಭಾರತದ ಮತದ ತೂಕ ಶೇ 3ಕ್ಕಿಂತ ಕಡಿಮೆ. ಐಎಂಎಫ್ ನೋಡುವುದು ತೆರಿಗೆ, ಕೊರತೆ, ವಿನಿಮಯ ದರ ಇವುಗಳನ್ನು. ಪಾಕಿಸ್ತಾನ ಆಗ ಬೂದು ಪಟ್ಟಿಯಲ್ಲಿದ್ದಿದ್ದರೆ ಆ ಮೇಜಿನ ಮೇಲೆ ಇನ್ನೊಂದು ಕಾಗದ ಇರುತ್ತಿತ್ತು, ಮಾತುಕತೆ ಬಿಗಿಯಾಗಿರುತ್ತಿತ್ತು. ಇರಲಿಲ್ಲ. ನಿಮ್ಮ ಅಸಮಾಧಾನ ನ್ಯಾಯವಾದದ್ದು. ಅದೇ 2025ರಲ್ಲಿ ಪಾಕಿಸ್ತಾನ ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯ ದೇಶವೂ ಆಗಿತ್ತು. ಪಹಲ್ಗಾಮ್ ದಾಳಿಯನ್ನು ಖಂಡಿಸಿದ ಮಂಡಳಿಯ ಹೇಳಿಕೆಯಲ್ಲಿ ಹೊಣೆ ಹೊತ್ತುಕೊಂಡಿದ್ದ ಸಂಘಟನೆಯ ಹೆಸರೇ ಇರಲಿಲ್ಲ. ಅದನ್ನು ತೆಗೆಸಿದ್ದು ನಾವೇ ಎಂದು ಅಲ್ಲಿನ ವಿದೇಶಾಂಗ ಸಚಿವರು ತಮ್ಮ ಸಂಸತ್ತಿನಲ್ಲೇ ಹೇಳಿಕೊಂಡರು. ಹದಿನೈದು ಮಂದಿಯೂ ಒಪ್ಪಬೇಕು ಎಂದೆನಲ್ಲ, ಅದರ ಫಲ ಇದು.

ಎಫ್‌ಎಟಿಎಫ್ ಮಾತ್ರ ಆ ಜೂನ್‌ನಲ್ಲಿ ಪಹಲ್ಗಾಮ್ ದಾಳಿಯನ್ನು ಹೆಸರಿಸಿ ಖಂಡಿಸಿತು. ಹಣವಿಲ್ಲದೆ, ಹಣ ಸಾಗಿಸುವ ದಾರಿಯಿಲ್ಲದೆ ಇಂಥ ದಾಳಿ ನಡೆಯಲಾರದು ಎಂಬುದು ಅದರ ಮಾತಿನ ಸಾರ. ಮರು ತಿಂಗಳ ವರದಿಯಲ್ಲಿ, ಸರ್ಕಾರಗಳೇ ಭಯೋತ್ಪಾದಕರಿಗೆ ಹಣ ಒದಗಿಸುವ ವಿಚಾರವನ್ನೂ ಎತ್ತಿಕೊಂಡಿತು. ಆ ವರದಿಯಲ್ಲಿ ಭಾರತದ ಎರಡು ಪ್ರಕರಣಗಳಿವೆ. ಪುಲ್ವಾಮಾದಲ್ಲಿ ಬಳಸಿದ ಸ್ಫೋಟಕಕ್ಕೆ ಬೇಕಾದ ಅಲ್ಯುಮಿನಿಯಂ ಪುಡಿಯನ್ನು ಆನ್‌ಲೈನ್ ಮಳಿಗೆಯಿಂದ ತರಿಸಿಕೊಂಡದ್ದು ಒಂದು. 2022ರ ಏಪ್ರಿಲ್‌ನಲ್ಲಿ ಗೋರಖ್‌ಪುರದ ಗೋರಖನಾಥ ದೇವಸ್ಥಾನದ ಕಾವಲಿನವರ ಮೇಲೆ ನಡೆದ ದಾಳಿ ಇನ್ನೊಂದು. ದಾಳಿ ಮಾಡಿದ ವ್ಯಕ್ತಿ ಆನ್‌ಲೈನ್ ಪಾವತಿ ಸೇವೆಯ ಮೂಲಕ ಸುಮಾರು 6.7 ಲಕ್ಷ ರೂಪಾಯಿಯನ್ನು 44 ಸಲವಾಗಿ ಹೊರದೇಶಗಳಿಗೆ ಕಳಿಸಿದ್ದ. ಒಂದೊಂದು ಸಲಕ್ಕೆ ಸರಾಸರಿ ಹದಿನೈದು ಸಾವಿರ. ನಾನು ಮೇಜಿನ ಮುಂದೆ ಕುಳಿತಿದ್ದರೆ ಮೊದಲ ಮೂರು ನಾಲ್ಕನ್ನು ಖಂಡಿತ ಬಿಟ್ಟುಬಿಡುತ್ತಿದ್ದೆ. ಹನಿಗೂಡಿ ಹಳ್ಳವಾಗುವವರೆಗೆ ಯಾರಿಗೂ ಕಾಣದ ಮೊತ್ತ ಅದು.

ನಮ್ಮ ರಾಜ್ಯಕ್ಕೂ ಇದು ದೂರದ ಮಾತಲ್ಲ. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಆರೋಪಿಗಳಿಗೆ ಹಿಂದಿನಿಂದ ನಡೆಸುತ್ತಿದ್ದವನು ಕ್ರಿಪ್ಟೋ ಹಣ ಕಳಿಸುತ್ತಿದ್ದ, ಅದನ್ನು ಟೆಲಿಗ್ರಾಂ ಗುಂಪುಗಳಲ್ಲಿ ಸಿಗುವ ವ್ಯಕ್ತಿಗಳ ಮೂಲಕ ರೂಪಾಯಿಗೆ ಬದಲಾಯಿಸಿಕೊಳ್ಳುತ್ತಿದ್ದರು ಎಂದು ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ದೋಷಾರೋಪ ಪಟ್ಟಿಯಲ್ಲಿ ಹೇಳಿದೆ. ಆರೋಪ ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ. ಕ್ರಿಪ್ಟೋ ವಿನಿಮಯ ಕೇಂದ್ರಗಳು ಗ್ರಾಹಕರ ಗುರುತು ಇಟ್ಟುಕೊಳ್ಳಬೇಕು, ಕಳಿಸುವವನ ವಿವರ ಹಣದ ಜೊತೆಗೇ ಸಾಗಬೇಕು ಎಂದು ಎಫ್‌ಎಟಿಎಫ್ 2019ರಲ್ಲೇ ಹೇಳಿತ್ತು. ಭಾರತ ಅವುಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿಗೆ ತಂದದ್ದು 2023ರ ಮಾರ್ಚ್‌ನಲ್ಲಿ. ಒಂದು ದೇಶದಲ್ಲಿ ನಿಯಮ ಇದ್ದು ಪಕ್ಕದ ದೇಶದಲ್ಲಿ ಇಲ್ಲದಿದ್ದರೆ ಹಣ ಪಕ್ಕದ ದೇಶದ ದಾರಿ ಹಿಡಿಯುತ್ತದೆ, ಅಷ್ಟೇ.

ನಮ್ಮ ಕರಾವಳಿಯ ಹುಂಡಿಯ ವಿಷಯವೂ ಹೀಗೆಯೇ. ಕೊಲ್ಲಿಯ ಅಂಗಡಿಯಲ್ಲಿ ದಿರ್ಹಂ ಕೊಟ್ಟರೆ ಇಲ್ಲಿ ಮನೆ ಬಾಗಿಲಿಗೆ ರೂಪಾಯಿ ಬರುತ್ತದೆ, ತೋರಿಸಬೇಕಾದ ಗುರುತು ಒಂದು ಹರಕು ನೋಟಿನ ಸಂಖ್ಯೆ. ಹಣ ಗಡಿ ದಾಟುವುದೇ ಇಲ್ಲ, ಎರಡು ಕಡೆಯ ವ್ಯಾಪಾರಿಗಳು ಚಿನ್ನದಲ್ಲೋ ಸರಕಿನ ಸುಳ್ಳು ಬೆಲೆಯಲ್ಲೋ ಲೆಕ್ಕ ತೀರಿಸಿಕೊಳ್ಳುತ್ತಾರೆ. ಬಳಸುವವರಲ್ಲಿ ಹೆಚ್ಚಿನವರು ಒಳ್ಳೆಯ ದರಕ್ಕಾಗಿ, ವೇಗಕ್ಕಾಗಿ ಬಳಸಿದವರು. ಆದರೆ ಬ್ರೆಷಾದ ರಸೀದಿಯಂಥದ್ದು ಹುಂಡಿಯಲ್ಲಿ ಹುಟ್ಟುವುದೇ ಇಲ್ಲ. ತನಿಖೆಯ ದಾರ ಅಲ್ಲಿಗೆ ಕಡಿದುಹೋಗುತ್ತದೆ.

ಹಾಗೆಂದು ಕಂಡ ಕಂಡ ದಾರಿಯನ್ನೆಲ್ಲ ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ಪ್ರಪಂಚ ನೋಡಿದೆ. 2001ರ ನವೆಂಬರ್‌ನಲ್ಲಿ ಅಮೆರಿಕ ಅಲ್ ಬರಕಾತ್ ಎಂಬ ಸೊಮಾಲಿ ಹಣ ರವಾನೆ ಸಂಸ್ಥೆಯನ್ನು ಮುಚ್ಚಿಸಿತು. ಬ್ಯಾಂಕುಗಳೇ ಇಲ್ಲದ ಆ ದೇಶದಲ್ಲಿ ಎಷ್ಟೋ ಕುಟುಂಬಗಳ ಒಲೆ ಉರಿಯುತ್ತಿದ್ದದ್ದು ಅದರಿಂದ. ಭಯೋತ್ಪಾದಕರಿಗೆ ಹಣ ಹೋಗುತ್ತಿತ್ತು ಎಂಬುದಕ್ಕೆ ಗಟ್ಟಿ ಪುರಾವೆ ಆಮೇಲೆ ಸಿಗಲಿಲ್ಲ. ಆ ಸಂಸ್ಥೆಯ ಸ್ವೀಡನ್ ಶಾಖೆಯೂ ಕಾದಿ ಎಂಬ ಸೌದಿ ಉದ್ಯಮಿಯೂ ಹೂಡಿದ ಮೊಕದ್ದಮೆಗಳಲ್ಲಿ, ಆರೋಪ ಏನೆಂದು ತಿಳಿಸದೆ, ಅಹವಾಲು ಕೇಳದೆ ಆಸ್ತಿ ತಡೆಹಿಡಿಯುವುದು ತಪ್ಪೆಂದು ಯುರೋಪಿನ ನ್ಯಾಯಾಲಯ 2008ರಲ್ಲಿ ತೀರ್ಪು ಕೊಟ್ಟಿತು. ಅದಾದ ಮೇಲೆ, 2009ರ ಡಿಸೆಂಬರ್‌ನಲ್ಲಿ, ಪಟ್ಟಿಯಿಂದ ಹೆಸರು ತೆಗೆಸಬೇಕೆನ್ನುವವರ ಅರ್ಜಿ ಕೇಳಲು ಭದ್ರತಾ ಮಂಡಳಿ ಒಬ್ಬ ಒಂಬುಡ್ಸ್‌ಮನ್ ಹುದ್ದೆಯನ್ನು ಸೃಷ್ಟಿಸಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೆ ಅಡ್ಡಹೆಸರುಗಳಿರುತ್ತವೆ. ಕೆಲವಕ್ಕೆ ಉತ್ತಮ ಗುಣಮಟ್ಟದ್ದು, ಕೆಲವಕ್ಕೆ ಕಳಪೆ ಗುಣಮಟ್ಟದ್ದು ಎಂದು ಬರೆದಿರುತ್ತದೆ. ನಮ್ಮ ಕಂಪ್ಯೂಟರ್ ಎರಡಕ್ಕೂ ಒಂದೇ ಕೆಂಪು ಗೆರೆ ಎಳೆಯುತ್ತಿತ್ತು. ಒಮ್ಮೆ ಕರಾವಳಿಯ ಒಬ್ಬ ನಿವೃತ್ತ ಮೇಷ್ಟ್ರಿಗೆ ಮಗ ಕಳಿಸಿದ ಹಣ ಇಂಥ ಒಂದು ಕಳಪೆ ಅಡ್ಡಹೆಸರಿನ ಹೋಲಿಕೆಯಿಂದ ನಿಂತಿತು. ಪಟ್ಟಿಯಲ್ಲಿದ್ದವನ ಜನ್ಮದಿನಾಂಕ ಖಾಲಿ. ನಾನು ಹನ್ನೊಂದು ದಿನ ತಡೆದೆ. ಹನ್ನೆರಡನೆಯ ದಿನ ಅವರು ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿ ತಂದಿದ್ದರು, ಮಡಿಕೆಯಲ್ಲಿ ಹರಿದು ಸೆಲೋಟೇಪ್ ಹಾಕಿದ್ದು. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, 'ನಾನು ಯಾರು ಎಂದು ಇದರಲ್ಲಿದೆ' ಎಂದರು. ಹಣ ಬಂದದ್ದು ಅವರ ಹೆಂಡತಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ. ಒಂದು ಫೋನ್ ಕರೆಯಲ್ಲಿ ಮೊದಲ ದಿನವೇ ಮುಗಿಸಬಹುದಾದ ಕೆಲಸ ಅದು. ಆ ಅಂಕಪಟ್ಟಿ ನನಗೆ ಈಗಲೂ ಕಾಣುತ್ತದೆ.

ಟ್ರಸ್ಟ್‌ಗಳ ವಿಷಯದಲ್ಲೂ ಜಗತ್ತು ಇಂಥದ್ದೇ ತಪ್ಪು ಮಾಡಿತು. ಸೇವಾ ಸಂಸ್ಥೆಗಳು ಭಯೋತ್ಪಾದಕರ ದುರ್ಬಳಕೆಗೆ ವಿಶೇಷವಾಗಿ ತುತ್ತಾಗುತ್ತವೆ ಎಂದು ಎಫ್‌ಎಟಿಎಫ್‌ನ ಎಂಟನೆಯ ಶಿಫಾರಸು ಮೊದಲು ಹೇಳುತ್ತಿತ್ತು. ಅದನ್ನೇ ನೆಪ ಮಾಡಿಕೊಂಡು ಎಷ್ಟೋ ಸರ್ಕಾರಗಳು ತಮಗಾಗದ ಸಂಘಟನೆಗಳ ಕತ್ತು ಹಿಸುಕಿದವು. 2016ರಲ್ಲಿ ಆ ವಾಕ್ಯವನ್ನು ತೆಗೆದರು. 2023ರಲ್ಲಿ ಮತ್ತೆ ತಿದ್ದಿ, ಅಪಾಯ ಎಲ್ಲಿದೆಯೋ ಅಲ್ಲಿ ಮಾತ್ರ, ಅಪಾಯದಷ್ಟೇ ಕ್ರಮ ಎಂದರು. 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಭಾರತಕ್ಕೆ ಒಳ್ಳೆಯ ದರ್ಜೆ ಸಿಕ್ಕಿತು. ಜಿ-20 ದೇಶಗಳಲ್ಲಿ ಭಾರತ ಬಿಟ್ಟರೆ ಆಗ ಆ ದರ್ಜೆ ಇದ್ದವು ನಾಲ್ಕೇ. ಆದರೆ ಎರಡು ಮಾತನ್ನು ಆ ವರದಿ ನೇರವಾಗಿ ಹೇಳಿತು: ನಿಮ್ಮ ನ್ಯಾಯಾಲಯಗಳಲ್ಲಿ ಈ ಪ್ರಕರಣಗಳು ಮುಗಿಯುತ್ತಿಲ್ಲ, ಸೇವಾ ಸಂಸ್ಥೆಗಳ ಮೇಲಿನ ಕ್ರಮಗಳು ಅಪಾಯವನ್ನು ಆಧರಿಸಿರಲಿ. ಇದನ್ನು ನಮ್ಮ ಪತ್ರಿಕೆಗಳು ಒಳಪುಟದಲ್ಲಿ ಹಾಕಿದವು. ಮೊದಲ ಪುಟದಲ್ಲಿ ಬರಬೇಕಿತ್ತು.

ದೇಶ ದೇಶಗಳ ನಡುವಿನ ದಿನನಿತ್ಯದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಬ್ಯಾಂಕಿಗೆ ಅನುಮಾನ ಬಂದರೆ ದೆಹಲಿಯಲ್ಲಿರುವ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಹೋಗುತ್ತದೆ. ಅನುಮಾನವಿಲ್ಲದೆಯೂ, ಸೇವಾ ಸಂಸ್ಥೆಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಬಂದರೆ, ಗಡಿ ದಾಟಿ ಐದು ಲಕ್ಷಕ್ಕಿಂತ ಹೆಚ್ಚು ಬಂದರೆ ವರದಿಯಾಗುತ್ತದೆ. ಇಂಥ ಘಟಕಗಳು ಎಗ್ಮಾಂಟ್ ಎಂಬ ಕೂಟದಲ್ಲಿ ಸೇರಿವೆ, 1995ರಲ್ಲಿ ಬ್ರಸೆಲ್ಸ್‌ನ ಒಂದು ಅರಮನೆಯಲ್ಲಿ ಮೊದಲ ಸಭೆ ನಡೆದದ್ದರಿಂದ ಆ ಹೆಸರು. ಭಾರತ 2007ರಿಂದ ಸದಸ್ಯ. ಒಂದು ಘಟಕ ಇನ್ನೊಂದನ್ನು ಕೇಳಿದರೆ ಸುಳಿವು ಸಿಗುತ್ತದೆ. ಆದರೆ ಸುಳಿವು ಸಾಕ್ಷ್ಯವಲ್ಲ. ಸಾಕ್ಷ್ಯ ಬೇಕೆಂದರೆ ನ್ಯಾಯಾಲಯದ ವಿನಂತಿ ಪತ್ರ ವಿದೇಶಾಂಗ ಕಚೇರಿಗಳ ಮೂಲಕ ಹೋಗಿ ಬರಬೇಕು. ವ್ಯಕ್ತಿ ಬೇಕೆಂದರೆ ಇನ್ನೂ ತಡ. ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾ ಅಮೆರಿಕದಿಂದ ಭಾರತಕ್ಕೆ ಬಂದದ್ದು 2025ರ ಏಪ್ರಿಲ್ 10ರಂದು. ಹದಿನಾರು ವರ್ಷ ಕಳೆದಿತ್ತು, ಅದೂ ಸ್ನೇಹಿತ ದೇಶದಿಂದ.

ಈಗ ನಿಮ್ಮ ಛಾವಣಿ. ತಮ್ಮ ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕವೇ ಕಳಿಸಿದ್ದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕಿಲ್ಲ. ಅವನ ಪಾಸ್‌ಪೋರ್ಟ್ ಪ್ರತಿ, ಹಣ ಹೊರಟ ಖಾತೆಯ ಒಂದು ಪುಟ, ದುರಸ್ತಿಗೆ ಒಪ್ಪಿಗೆ ಕೊಟ್ಟ ಟ್ರಸ್ಟ್‌ನ ನಡಾವಳಿ, ಗುತ್ತಿಗೆದಾರನ ಅಂದಾಜು ಪಟ್ಟಿ, ಈ ನಾಲ್ಕನ್ನು ಒಂದೇ ಸಲ ಲಿಖಿತವಾಗಿ ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರನೆಯ ಸಲ ಕರೆಯುವ ಕಾರಣ ಅವರಿಗೆ ಉಳಿಯುವುದಿಲ್ಲ.

ಎರಡು ಕಡೆ ಎಚ್ಚರ ಬೇಕು. ಹಣ ಅವನ ಸ್ವಂತ ಖಾತೆಯ ಬದಲು ಅಲ್ಲಿ ಅವನು ಕೆಲಸ ಮಾಡುವ ಕಂಪನಿಯ ಖಾತೆಯಿಂದ ಬಂದಿದ್ದರೆ ಲೆಕ್ಕ ಬೇರೆಯಾಗುತ್ತದೆ, ಅದು ವಿದೇಶಿ ಮೂಲ. ಇನ್ನೊಂದು, ಮೂರು ಲಕ್ಷವೂ ಅವನದೇ ದುಡ್ಡೋ ಅಥವಾ ಊರಿನ ಗೆಳೆಯರೆಲ್ಲ ಸೇರಿ ಕೂಡಿಸಿದ್ದೋ ಎಂದು ಕೇಳಿ. ಆ ಗೆಳೆಯರಲ್ಲಿ ಒಬ್ಬರು ಕೆನಡಾ ಅಥವಾ ಅಮೆರಿಕದ ಪೌರತ್ವ ಪಡೆದಿದ್ದರೂ ಅವರ ಪಾಲು ವಿದೇಶಿ ದೇಣಿಗೆಯೇ, ಅವರು ನಿಮ್ಮದೇ ಶಾಲೆಯ ಬೆಂಚಿನಲ್ಲಿ ಕುಳಿತು ಓದಿದವರಾದರೂ ಸರಿ. ಕೆಲಸಕ್ಕೆ ಮುಂಗಡ ಕೊಡುವ ಮೊದಲು ತಮ್ಮನಿಗೆ ಒಂದು ಫೋನ್ ಮಾಡಿ ಇದನ್ನು ವಿಚಾರಿಸಿಕೊಳ್ಳಿ.